ಮೊದಲು ಚೆಯ್ಯಿ, ಆಮೇಲೆ ಕ್ಯಾಮೆರಾ

ಅವರ ಎಡಗಣ್ಣಿನ ಸುತ್ತ ಬಲಗಣ್ಣಿಗಿಂತ ಹೆಚ್ಚು ಸುಕ್ಕುಗಳಿದ್ದವು. ಮೂವತ್ತು ನಲವತ್ತು ವರ್ಷ ಕ್ಯಾಮೆರಾದ ಕಿಂಡಿಗೆ ಬಲಗಣ್ಣು ಒತ್ತಿ, ಎಡಗಣ್ಣು ಮುಚ್ಚಿ ನಿಂತವರ ಮುಖ ಹಾಗಾಗುತ್ತದೋ ಏನೋ. ಸುಮ್ಮನೆ ಎದುರಿಗೆ ನಿಂತು ಮಾತನಾಡುವಾಗಲೂ, ವಿಷಯ ಸ್ವಲ್ಪ ಗಟ್ಟಿಯಾಯಿತೆಂದರೆ ಆ ಎಡಗಣ್ಣು ತಾನಾಗಿ ಅರ್ಧ ಮುಚ್ಚಿಕೊಳ್ಳುತ್ತಿತ್ತು. ಗೊತ್ತಿಲ್ಲದವರು ಕಣ್ಣು ಹೊಡೆದರೆಂದು ತಿಳಿದು ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಮಾಲೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನೂ ಹಾಗೇ ತಿಳಿದು ನಮ್ಮವರ ಬೆನ್ನ ಹಿಂದೆ ಸರಿದು ನಿಂತಿದ್ದೆ. ಅವರ ಬಲಗೈಯ ತೋರುಬೆರಳು, ಹೆಬ್ಬೆರಳುಗಳ ಉಗುರು ಕಾಫಿ ಡಿಕಾಕ್ಷನ್ನಿನ ಬಣ್ಣದ್ದು. ಫೋಟೋ ತೊಳೆಯುವ ಕತ್ತಲಕೋಣೆಯ ದ್ರಾವಣ ಹತ್ತಿದ ಕಲೆ. ಕಲರ್ ಫೋಟೋ ಬಂದು ಆ ಕೋಣೆ ಮುಚ್ಚಿ ವರ್ಷಗಳಾಗಿದ್ದರೂ ಕಲೆ ಮಾತ್ರ ಹೋಗಿರಲಿಲ್ಲ.

ರೈಲ್ವೆ ಸ್ಟೇಷನ್ನಿನ ರಸ್ತೆಯಲ್ಲಿ ಅವರ ಸ್ಟುಡಿಯೋ. ಊರಿಗೆಲ್ಲ ಅವರು ಸ್ಟುಡಿಯೋ ಮಾಮ. ಮೂಲತಃ ಮುಳಬಾಗಿಲಿನ ಆಚೆ, ಆಂಧ್ರದ ಗಡಿ ಕಡೆಯವರು. ಕನ್ನಡದಲ್ಲಿ ಶುರು ಮಾಡಿದ ಮಾತು ಯಾವ ತಿರುವಿನಲ್ಲಿ ತೆಲುಗಿಗೆ ಹೊರಳುತ್ತದೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಕೋಲಾರದ ಕಾನ್ವೆಂಟಿನಲ್ಲಿ ಓದಿದ ನನಗೆ ತೆಲುಗು ಅರ್ಧಂಬರ್ಧ. ಆ ಅರ್ಧಂಬರ್ಧವೇ ನಮ್ಮ ಕಥೆಯ ಮೊದಲ ಪೆಟ್ಟು.

ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ವಯಸ್ಸಾದ ಸಿಸ್ಟರ್ ಒಬ್ಬರು ಊಟದ ಬಿಡುವಿನಲ್ಲಿ ನನ್ನೊಬ್ಬಳನ್ನು ಕೂರಿಸಿಕೊಂಡು ಟ್ಯಾಟಿಂಗ್ ಹೇಳಿಕೊಟ್ಟಿದ್ದರು. ದೋಣಿಯಾಕಾರದ ಪುಟ್ಟ ಲಾಳಿಗೆ ದಾರ ಸುತ್ತಿ, ಎಡಗೈ ಬೆರಳುಗಳ ಮೇಲೆ ಗಂಟು ಹಾಕುತ್ತ ಹೂವಿನಂಥ ಲೇಸು ಹೆಣೆಯುವ ಕೆಲಸ ಅದು. ಅದರ ಗುಟ್ಟೆಲ್ಲ ಒಂದು ಕ್ಷಣದಲ್ಲಿದೆ. ಲಾಳಿಯ ದಾರ ಬೆರಳ ಮೇಲಿನ ದಾರವನ್ನು ಸುತ್ತಿಕೊಂಡಿರುತ್ತದೆ. ಬೆರಳು ಸ್ವಲ್ಪ ಸಡಿಲಿಸಿ ಲಾಳಿಯನ್ನು ಎಳೆದರೆ ಗಂಟು ಮಗುಚಿ, ಸುತ್ತಿದ್ದ ದಾರ ನೆಟ್ಟಗಾಗಿ, ನೆಟ್ಟಗಿದ್ದ ದಾರ ಸುತ್ತಿಕೊಳ್ಳುತ್ತದೆ. ಮಗುಚಿದ ಗಂಟು ದಾರದ ಮೇಲೆ ಮಣಿಯಂತೆ ಜಾರುತ್ತದೆ. ಮಗುಚದ ಗಂಟು ಅಲ್ಲೇ ಬಿಗಿದು ಕೂರುತ್ತದೆ. "ಇದು ಬಾಯಲ್ಲಿ ಹೇಳಿದರೆ ಬರೋದಿಲ್ಲ ಮಗೂ, ಕಣ್ಣಲ್ಲಿ ನೋಡಬೇಕು. ನೀನೂ ಯಾರಿಗಾದರೂ ತೋರಿಸು" ಎಂದಿದ್ದರು. ನಾನು ಮದುವೆಯಾಗಿ ಬಂದ ಎರಡನೆಯ ವರ್ಷ ಅವರು ತೀರಿಕೊಂಡರು. ಆಮೇಲೆ ನನಗೆ ತಿಳಿದ ಮಟ್ಟಿಗೆ ಆ ಗಂಟು ಇದ್ದದ್ದು ನನ್ನ ಕೈಯಲ್ಲಿ ಮಾತ್ರ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಮ್ಮ ಮಹಿಳಾ ಸಮಾಜದವರು ವಾರಕ್ಕೆ ಎರಡು ಮಧ್ಯಾಹ್ನ ಕೋಣೆ ಬಿಟ್ಟುಕೊಟ್ಟು ಕಲಿಸಿ ಎಂದರು. ಹನ್ನೊಂದು ಜನ ಬಂದರು. ಆರು ತಿಂಗಳಾದರೂ ಒಬ್ಬರಿಗೂ ಗಂಟು ಮಗುಚಲಿಲ್ಲ. ಎದುರಿಗೆ ಕೂತವರಿಗೆ ನನ್ನ ಎಡ ಬಲವಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಕೂತವರಿಗೆ ನನ್ನ ಮಣಿಕಟ್ಟು ಅಡ್ಡ. ಲಕ್ಕೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದವಳೊಬ್ಬಳು, ಬಾಯಿ ಸ್ವಲ್ಪ ಜೋರು, ಒಂದು ದಿನ ಲಾಳಿ ಕೆಳಗಿಟ್ಟು ಹೇಳಿಯೇಬಿಟ್ಟಳು. "ಅಕ್ಕಾ, ನಿಮ್ಮ ಬೆರಳೇನೋ ಕುಣೀತಾವೆ. ನಾವು ಬಗ್ಗಿ ನೋಡೋದ್ರಲ್ಲಿ ನೀವೂ ಬಗ್ತೀರ. ಆರು ತಿಂಗಳಿಂದ ನಾನು ಕಲ್ತಿರೋದು ನಿಮ್ಮ ಬೈತಲೆ ಒಂದೇ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅದೇ ವಾರ ಸಮಾಜದ ಅಧ್ಯಕ್ಷೆ ನನ್ನನ್ನು ಪಕ್ಕಕ್ಕೆ ಕರೆದು, "ದಸರಾ ಪ್ರದರ್ಶನದ ಹೊತ್ತಿಗೆ ನಿಮ್ಮೋರು ಒಬ್ಬರಾದ್ರೂ ಒಂದು ಹೂವು ಹೆಣೆದು ತೋರಿಸ್ಲಿ. ಇಲ್ದಿದ್ರೆ ಆ ಕೋಣೆ ಟೈಲರಿಂಗಿಗೆ ಕೊಡ್ತೀವಿ. ಬೇಜಾರು ಮಾಡ್ಕೋಬೇಡಿ" ಎಂದರು. ಬೇಜಾರಾದದ್ದು ಕೋಣೆಗಲ್ಲ. ಸಿಸ್ಟರ್ ಕೊಟ್ಟುಹೋದದ್ದು ನನ್ನಲ್ಲೇ ಮುಗಿಯುತ್ತದಲ್ಲ ಎಂದು.

ವಿಡಿಯೋ ಮಾಡಿದರೆ ಹೇಗೆ ಎನ್ನಿಸಿದ್ದು ಆಗ. ಮದುವೆಮನೆಗಳಲ್ಲಿ ಸ್ಟುಡಿಯೋ ಮಾಮ ಹೆಗಲ ಮೇಲಿಟ್ಟುಕೊಳ್ಳುತ್ತಿದ್ದ ದೊಡ್ಡ ಕ್ಯಾಮೆರಾ ನೋಡಿದ್ದೆನಲ್ಲ, ಅಂಥದೇ ಬೇಕೆಂದು ಹೋದೆ. ಮಾರಲೆಂದು ಅವರಲ್ಲಿ ಹಳೆಯದೊಂದು ಇತ್ತು ಕೂಡ. ಅವರು ಅದನ್ನು ಮುಟ್ಟಲೂ ಇಲ್ಲ. ಎಡಗಣ್ಣು ಅರ್ಧ ಮುಚ್ಚಿತು.

"ಏನು ತೆಗೀಬೇಕು ಇದ್ರಲ್ಲಿ?"

ಲಾಳಿ ತೋರಿಸಿ ಹೇಳಿದೆ.

"ಅಮ್ಮಾ, ಮೊದಲು ಚೆಯ್ಯಿ. ಆಮೇಲೆ ಕ್ಯಾಮೆರಾ" ಎಂದರು. "ಎರಡು ದಿನ ಇದನ್ನ ಮನೆಗೆ ತಗೊಂಡು ಹೋಗಿ, ಸ್ಟ್ಯಾಂಡೂ ಕೊಡ್ತೀನಿ. ನೋಡೋಣ."

ತೆಲುಗಿನಲ್ಲಿ 'ಚೆಯ್ಯಿ' ಎಂದರೆ 'ಮಾಡು' ಎಂದು ನನಗೆ ಗೊತ್ತಿತ್ತು. ಮೊದಲು ಮಾಡು, ಆಮೇಲೆ ಕ್ಯಾಮೆರಾ ಕೊಳ್ಳುವ ವಿಚಾರ ಎಂದು ಅರ್ಥ ಮಾಡಿಕೊಂಡೆ. 'ಚೆಯ್ಯಂಡಿ' ಎನ್ನದೆ ಏಕವಚನದಲ್ಲಿ ಹೇಳಿದರಲ್ಲ, ಮನೆ ಮಗಳ ಹಾಗೆ ಮಾತಾಡಿಸಿದರೆಂದು ದಾರಿಯುದ್ದಕ್ಕೂ ಖುಷಿಪಟ್ಟೆ. ಭಾನುವಾರ ಮೈಸೂರು ಸಿಲ್ಕ್ ಸೀರೆಯುಟ್ಟು, ಹೂ ಮುಡಿದು, ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಒಂದು ಗಂಟೆ ಹೆಣೆದೆ. ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿ ದಣಿಯುವ ನಮ್ಮವರು ಗುಂಡಿ ಒತ್ತಿ ಸೋಫಾದ ಮೇಲೆ ಮಲಗಿದರು.

ಮರುದಿನ ಸ್ಟುಡಿಯೋದಲ್ಲಿ ಮಾಮ ಆ ಟೇಪನ್ನು ಹಾಕಿದರು. ಟೀವಿಯಲ್ಲಿ ನಾನು ಆಪಾದಮಸ್ತಕ ಇದ್ದೆ. ಮುಗುಳ್ನಗೆ ಇತ್ತು, ಹೂವಿತ್ತು, ಕಿಟಕಿಯ ಪರದೆ ಇತ್ತು. ಮಡಿಲಲ್ಲಿ ಕೈಗಳಿರಬೇಕಾದ ಕಡೆ ಅಡಿಕೆ ಗಾತ್ರದ ಒಂದು ಮಸುಕು.

"ಇದೇನಮ್ಮಾ" ಎಂದರು ಮಾಮ. "ಗಂಡಿನ ಕಡೆಯೋರಿಗೆ ಕಳಿಸೋ ಟೇಪ್ ಆಯ್ತಲ್ಲ."

"ನೀವೇ ತಾನೇ ಮಾಮ ಮಾಡು ಅಂದಿದ್ದು?"

"ನಾನೆಲ್ಲಿ ಅಂದೆ? ಚೆಯ್ಯಿ ಅಂದೆ. ಚೆಯ್ಯಿ." ತಮ್ಮ ಕಂದು ಬೆರಳುಗಳನ್ನು ನನ್ನ ಮುಖದ ಮುಂದೆ ಅಗಲಿಸಿ ಹಿಡಿದರು. "ಕೈ ಅಮ್ಮಾ, ಕೈ. ಮೊದಲು ಕೈ ಏನು ಮಾಡುತ್ತೆ ನೋಡ್ಕೋಬೇಕು, ಆಮೇಲೆ ಅದಕ್ಕೆ ಯಾವ ಕ್ಯಾಮೆರಾ ಅಂತ."

ಅದೇ ಪದಕ್ಕೆ ತೆಲುಗಿನಲ್ಲಿ ಕೈ ಎಂಬ ಅರ್ಥವೂ ಇದೆ. ಏಕವಚನದ ಖುಷಿ ಅಲ್ಲಿಗೆ ಇಳಿಯಿತು.

ಅಂದು ಅವರೊಂದು ಪರೀಕ್ಷೆ ಗೊತ್ತು ಮಾಡಿದರು. ಲೋಕದಲ್ಲಿ ಯಾವ ಅಂಗಡಿಯವರೂ ಕ್ಯಾಮೆರಾಕ್ಕೆ ಇಡದ ಪರೀಕ್ಷೆ. "ನನ್ನ ಅಂಗಿ ಗುಂಡಿ ಬಿದ್ರೆ ನಮ್ಮ ಮನೆಯಾಕೆ ಹಾಕ್ಬೇಕು. ಅಂಥ ಕೈ ಇದು. ನಾನು ಟೀವಿ ನೋಡ್ಕೊಂಡು ಗಂಟು ಹಾಕಿದ್ರೆ ಕ್ಯಾಮೆರಾ ಪಾಸು. ನೀವು ಪಕ್ಕದಲ್ಲಿ ಕೂತಿರ್ಬಹುದು, ಬಾಯಿ ಬಿಡಂಗಿಲ್ಲ."

ಅವರು ಕೊಟ್ಟ ಎರಡನೆಯದು ಅಂಗೈಯಲ್ಲಿ ಹಿಡಿಯುವಂಥ ಚಿಕ್ಕ ಕ್ಯಾಮೆರಾ. ನಮ್ಮವರು ನನ್ನ ಹೆಗಲ ಹಿಂದೆ ನಿಂತು ಹಿಡಿದರು. ಈ ಸಲ ಕೈಗಳು ದೊಡ್ಡದಾಗಿಯೇ ಬಂದವು. ಆದರೆ ನಮ್ಮವರು ಉಸಿರಾಡಿದಾಗಲೆಲ್ಲ ಚಿತ್ರವೂ ಉಸಿರಾಡಿತು. ಸರಿಯಾಗಿ ಗಂಟು ಮಗುಚುವ ಹೊತ್ತಿಗೇ "ಸಾರು ಉಕ್ತಾ ಇದೆ ಕಣೇ" ಎಂಬ ದನಿ ಕೇಳಿಸಿ ಕ್ಯಾಮೆರಾ ಅಡುಗೆಮನೆಯ ಕಡೆ ತಿರುಗಿತ್ತು. ಮಾಮ ಲಾಳಿ ಹಿಡಿದು ಅದನ್ನೇ ಹಿಂದೆ ಮುಂದೆ ಓಡಿಸಿ ನೋಡಿ, ಬೆವೆತು, ಇಪ್ಪತ್ತು ಗಂಟು ಬಿಗಿದರು. ಒಂದೂ ಜಾರಲಿಲ್ಲ. ನನಗೆ ಬಾಯಿ ತಡೆಯಲಾಗದೆ "ಬೆರಳು ಸಡಿಲ ಬಿಡಿ" ಎಂದೆ. ಅವರು ಲಾಳಿ ಕೆಳಗಿಟ್ಟುಬಿಟ್ಟರು.

"ಫೇಲು. ನೀವು ಹೇಳ್ಬೇಕಾಗಿ ಬಂತಲ್ಲ. ಕ್ಯಾಮೆರಾ ಹಿಡಿಯೋಕೆ ಇನ್ನೊಬ್ಬರಿದ್ರೆ ಅವರು ನೋಡಿದ್ದು ಬರುತ್ತೆ ಅಮ್ಮಾ. ನೀವು ನೋಡೋದು ಬರಬೇಕು. ಇದು ನಿಮ್ಮ ತಲೆ ಮೇಲೇ ಕೂತ್ಕೋಬೇಕು."

ತಮಾಷೆಗೆ ಹೇಳಿದರೆಂದುಕೊಂಡೆ. ದಸರಾ ಹತ್ತಿರ ಬರುತ್ತಿತ್ತು. ಹನ್ನೊಂದು ಜನರಲ್ಲಿ ಆರೇ ಜನ ಉಳಿದಿದ್ದರು. ಹತ್ತು ದಿನ ಬಿಟ್ಟು ಮಾಮ ಹೇಳಿಕಳಿಸಿದರು. ಹೋದರೆ ಮೇಜಿನ ಮೇಲೆ ಕಾರ್ಖಾನೆಯವರು ಹಾಕಿಕೊಳ್ಳುವ ಹಳದಿ ಹೆಲ್ಮೆಟ್ಟು. ಅದರ ಹಣೆಯಲ್ಲಿ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ, ಕೆಳಮುಖವಾಗಿ ಕೂತಿತ್ತು. ಅದರ ವೈರು ಟೀವಿ, ವಿಸಿಆರ್‌ವರೆಗೆ ಹೋಗಿತ್ತು. ದೊಡ್ಡ ಅಂಗಡಿಗಳ ಮೂಲೆಯಲ್ಲಿ ಸಿಕ್ಕಿಸುತ್ತಾರಲ್ಲ, ಆ ಜಾತಿಯ ಕ್ಯಾಮೆರಾ. ಬೆಂಗಳೂರಿಗೆ ಮೂರು ಸಲ ರೈಲಿನಲ್ಲಿ ಹೋಗಿ, ಲಾಳಿ ಜೇಬಿನಲ್ಲಿಟ್ಟುಕೊಂಡು ಅಂಗಡಿ ಅಂಗಡಿಯಲ್ಲೂ ಅದನ್ನು ಲೆನ್ಸಿನ ಮುಂದೆ ಆಡಿಸಿ ನೋಡಿ ತಂದಿದ್ದರು. ಹತ್ತಿರದ್ದನ್ನು ಸ್ಪಷ್ಟವಾಗಿ ತೋರಿಸಿದ್ದು ಇದೊಂದೇ ಅಂತೆ.

"ಇದು ಕಳ್ಳರನ್ನ ಹಿಡಿಯೋ ಕ್ಯಾಮೆರಾ ಅಲ್ವಾ ಮಾಮ?"

"ನಿಮ್ಮ ಬೆರಳು ಕಳ್ಳಬೆರಳೇ ಅಮ್ಮಾ. ಎರಡು ತಿಂಗಳಿಂದ ನನ್ನ ಕಣ್ಣಿಗೆ ಸಿಗ್ತಾ ಇಲ್ಲ."

ಸೀರೆಯ ಮೇಲೆ ಹಳದಿ ಹೆಲ್ಮೆಟ್ಟು ತೊಟ್ಟು ಸ್ಟೂಲಿನ ಮೇಲೆ ಕೂತೆ. ಗಾಜಿನ ಬಾಗಿಲಿನಾಚೆ ರೈಲಿಗೆ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ಬಿಳಿ ದಾರ ಬೇಡವೆಂದರು ಮಾಮ. ಲಾಳಿಗೆ ಕೆಂಪು, ಬೆರಳಿಗೆ ಬಿಳಿ ಹಾಕಿಸಿದರು. ಮದುವೆ ಲೈಟು ಬೇಡವೆಂದು ಓದುವ ದೀಪ ಹಿಡಿದು ಪಕ್ಕದಲ್ಲಿ ನಿಂತರು. ಲೆನ್ಸನ್ನು ಉಗುರಿನ ತುದಿಯಿಂದ ಕೂದಲೆಳೆಯಷ್ಟು ತಿರುಗಿಸಿದರು. ಪಕ್ಕದ ಟೀವಿಯಲ್ಲಿ ನನ್ನ ಕೈಗಳು ಬಂದವು. ನನಗೆ ಹೇಗೆ ಕಾಣುತ್ತವೋ ಹಾಗೆಯೇ, ಎಡ ಎಡಕ್ಕೆ, ಬಲ ಬಲಕ್ಕೆ, ತಟ್ಟೆಯಗಲ. ಉಂಗುರದ ಕೆಳಗೆ ಚರ್ಮ ಬೆಳ್ಳಗಾಗಿದ್ದದ್ದೂ ಕಂಡಿತು.

ನಿಧಾನಕ್ಕೆ ಹೆಣೆದೆ. ಬಿಳಿ ದಾರದ ಸುತ್ತ ಕೆಂಪು ಸುತ್ತಿತು. ಬೆರಳು ಸಡಿಲಿಸಿ ಲಾಳಿ ಎಳೆದೆ. ಕೆಂಪು ನೆಟ್ಟಗಾಯಿತು, ಬಿಳಿ ಚಂಗನೆ ಮಗುಚಿ ಅದನ್ನು ಸುತ್ತಿಕೊಂಡಿತು. ಟೀವಿಯನ್ನೇ ನೋಡುತ್ತಿದ್ದ ಮಾಮ ಮೈಮರೆತು, "ಇದೇ, ಇದೇ" ಎನ್ನುತ್ತ ಬೆರಳು ಚಾಚಿದರು. ನೋಡುತ್ತಿದ್ದದ್ದು ಟೀವಿಯನ್ನು, ಬೆರಳು ಚಾಚಿದ್ದು ಮಾತ್ರ ನನ್ನ ಕೈಯಲ್ಲಿದ್ದ ಗಂಟಿಗೆ. ಆ ಕಂದು ಉಗುರು ಚಿತ್ರದಲ್ಲಿ ಬಂದುಬಿಟ್ಟಿತು.

ಆಮೇಲೆ ನನ್ನನ್ನು ದೂರದ ಬೆಂಚಿನಲ್ಲಿ ಕೂರಿಸಿ, ಟೇಪು ಹಾಕಿಕೊಂಡು, ಲಾಳಿ ಹಿಡಿದು ಟೀವಿಯ ಮುಂದೆ ಕೂತರು. ಒಂದು ಗಂಟು ಬಿಗಿಯಿತು. ಇನ್ನೊಂದೂ ಬಿಗಿಯಿತು. ನಾನು ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದೆ. ಎಂಟನೆಯದೋ ಒಂಬತ್ತನೆಯದೋ ಇರಬೇಕು, ಅವರ ಭುಜ ಸ್ತಬ್ಧವಾಯಿತು. ಉಗುರಿನಿಂದ ಗಂಟನ್ನು ಮೆಲ್ಲಗೆ ತಳ್ಳಿದರು. ಅದು ಜಾರಿತು. ಹಿಂದಕ್ಕೆ ತಳ್ಳಿದರು, ಹಿಂದಕ್ಕೂ ಜಾರಿತು. ನನ್ನ ಕಡೆ ತಿರುಗಿದರು. ಆ ಎಡಗಣ್ಣು ಅಷ್ಟು ಅಗಲವಾಗಿ ತೆರೆದದ್ದನ್ನು ನಾನು ನೋಡಿದ್ದು ಅಂದೇ.

"ಪಾಸು" ಎಂದರು. ಅಷ್ಟೇ.

ಬೆರಳು ಬಂದ ಭಾಗವನ್ನು ಮತ್ತೆ ತೆಗೆಯೋಣ ಎಂದು ಹಟ ಹಿಡಿದರು. ಅವರ ಕಸುಬಿನಲ್ಲಿ ಅದು ತಪ್ಪು. ನಾನು ಒಪ್ಪಲಿಲ್ಲ. ಬೇಕೆಂದೇ ಅವರ ಮಾತು ಮೀರಿದ್ದು ಅದೊಂದೇ ಸಲ.

ಸಮಾಜದ ಟೀವಿಗೆ ಆ ಟೇಪು ಹಾಕಿದ ಮಧ್ಯಾಹ್ನ ಆರು ಜನ ಕೂತಿದ್ದರು. ಲಕ್ಕೂರಿನವಳು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದಳು. ನಾಲ್ಕನೆಯ ಸಲ ತನ್ನ ಬೆರಳ ಮೇಲಿನ ಗಂಟನ್ನು ಉಗುರಿನಿಂದ ತಳ್ಳಿ ನೋಡಿದಳು. ಆಮೇಲೆ ಮೆಲ್ಲಗೆ, "ಜಾರ್ತಾ ಇದೆ ಕಣಕ್ಕಾ" ಎಂದಳು. ಸಂಜೆಯ ಬಸ್ಸಿಗೆ ಹೊರಡುವ ಹೊತ್ತಿಗೆ ನಾಲ್ಕು ಜನರ ಗಂಟು ಜಾರುತ್ತಿತ್ತು. ಬಿಟ್ಟುಹೋಗಿದ್ದ ಐವರನ್ನೂ ಮರುವಾರ ಅವಳೇ ಮನೆ ಮನೆಗೆ ಹೋಗಿ ಎಳೆದುಕೊಂಡು ಬಂದಳು.

ದಸರಾ ಪ್ರದರ್ಶನದಲ್ಲಿ ನೀಲಿ ಬಟ್ಟೆಯ ಮೇಲೆ ಹನ್ನೆರಡು ಬಿಳಿ ಹೂಗಳನ್ನು ಪಿನ್ನು ಹಾಕಿ ಚುಚ್ಚಿದ್ದೆವು. ಅಧ್ಯಕ್ಷೆ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ನೋಡಿದರು. ಹನ್ನೆರಡನೆಯದರ ಮುಂದೆ ನಿಂತರು. ಅದರ ಒಂದು ದಳ ದೊಡ್ಡದು, ಒಂದು ಮುದುಡಿತ್ತು.

"ಹನ್ನೊಂದೇ ಜನ ಅಲ್ವಾ ನಿಮ್ಮೋರು? ಈ ಸೊಟ್ಟಗಿರೋದು ಯಾರ್ದು?"

"ಅದು ನಮ್ಮ ಮೊದಲನೇ ವಿದ್ಯಾರ್ಥಿದು" ಎಂದೆ. ಬಾಗಿಲ ಹತ್ತಿರ ಪ್ರದರ್ಶನದ ಫೋಟೋ ತೆಗೆಯುತ್ತಿದ್ದ ಮಾಮ ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡರು. ಕೋಣೆ ನಮಗೇ ಉಳಿಯಿತು. ಟೈಲರಿಂಗಿನವರಿಗೆ ಬೆಳಗಿನ ಹೊತ್ತು ಕೊಟ್ಟರು.

ಕೆಲವು ವರ್ಷಗಳ ಮೇಲೆ, ಶ್ರೀನಿವಾಸಪುರದಲ್ಲಿ ಒಂದು ನಾಮಕರಣಕ್ಕೆ ಫೋಟೋ ತೆಗೆಯಲು ಹೋಗಿದ್ದ ಮಾಮ ಅಲ್ಲಿಂದ ಬಂದು ಊಟ ಮಾಡಿ ಮಲಗಿದರು, ಏಳಲಿಲ್ಲ. ಸ್ಟುಡಿಯೋ ಈಗ ಮೊಬೈಲ್ ರಿಪೇರಿ ಅಂಗಡಿ. ತಲೆಗೆ ಕಟ್ಟಿಕೊಳ್ಳುವಂಥ ಪುಟ್ಟ ಕ್ಯಾಮೆರಾಗಳು ಈಗ ಬಂದಿವೆಯಂತೆ. ಸೈಕಲ್ಲು ಓಡಿಸುವವರು, ಬೆಟ್ಟ ಹತ್ತುವವರು ಹಾಕಿಕೊಳ್ಳುತ್ತಾರಂತೆ. ತನ್ನ ಸೈಕಲ್ಲಿನ ವಿಡಿಯೋ ಮಾಡಬೇಕೆಂದು ನನ್ನ ತಂಗಿಯ ಮಗಳು ಯಾವುದು ಕೊಳ್ಳಲಿ ದೊಡ್ಡಮ್ಮ ಎಂದು ಕೇಳಿದಳು. "ಮೊದಲು ಚೆಯ್ಯಿ" ಎಂದೆ. "ಏನು ಮಾಡ್ಲಿ?" ಎಂದಳು. ನನಗೆ ನಗು ತಡೆಯಲಾಗಲಿಲ್ಲ.

ಆ ಟೇಪು ಈಗ ಸೀಡಿಯಾಗಿದೆ. ಎಷ್ಟು ಜನ ಅದನ್ನು ನೋಡಿ ಕಲಿತರೋ ನಾನು ಲೆಕ್ಕ ಇಟ್ಟಿಲ್ಲ. ಕಳೆದ ವಾರವೂ ಮೂವರು ಹೊಸಬರು ಬಂದಿದ್ದರು. ಈಗ ಕಲಿಸುವವಳು ಲಕ್ಕೂರಿನವಳೇ. ನಾನು ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಡಿಗೆ ಹೆಣೆಯುತ್ತೇನೆ. ಟೀವಿಯಲ್ಲಿ ಕೆಂಪು ದಾರ ಬಿಳಿ ದಾರವನ್ನು ಸುತ್ತತೊಡಗಿದಾಗ ಅವಳು ಹೊಸಬರ ಬೆನ್ನು ತಟ್ಟಿದಳು.

"ಕಣ್ಣು ಮಿಟುಕಿಸ್ಬೇಡ್ರೇ. ಮಾಮನ ಬೆರಳು ಬರುತ್ತೆ ಈಗ."

ಬಂತು. ಗಂಟು ಮಗುಚಿತು.