ನಾನು ಗಡಿಯಲ್ಲಿದ್ದೆ, ಅಕ್ಕನ ಹತ್ತಿರ ಯಾರಿದ್ದರು?

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮೊದಲೆಲ್ಲ ನಾನು ಅವರ ಎದುರಿಗೇ ನಕ್ಕುಬಿಡುತ್ತಿದ್ದೆ. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದಿನ ಮಾತು. ಟೊರಾಂಟೊದಲ್ಲಿದ್ದ ನನ್ನ ಅಕ್ಕನಿಗೆ ಕ್ಯಾನ್ಸರ್ ಕೈಮೀರಿತ್ತು. "ಲಗೂನ ಬಾರವಾ, ನಿನ್ನನ್ನ ಕೇಳಾಕತ್ಯಾಳ" ಎಂದು ಧಾರವಾಡದವರಾದ ಭಾವ ಫೋನ್ ಮಾಡಿದರು. ಮರುದಿನ ಬೆಳಿಗ್ಗೆ ಆರಕ್ಕೆ, ಅಮೆರಿಕದಲ್ಲಿ ನಾವಿರುವ ಊರು ಪಿಸ್ಕಾಟವೇ ಬಿಟ್ಟೆವು. ನಮ್ಮವರು ಕಾಫಿಗೂ ನಿಲ್ಲಿಸದೆ ಡ್ರೈವ್ ಮಾಡಿದರು. ಮಧ್ಯಾಹ್ನ ಒಂದೂವರೆಗೆಲ್ಲ ನಯಾಗರದ ಸೇತುವೆಯಾಚೆ, ಕೆನಡಾದ ಗಡಿ ಕೌಂಟರಿನ ಮುಂದೆ ಇದ್ದೆವು.

ಅಧಿಕಾರಿ ನನ್ನ ಪಾಸ್‌ಪೋರ್ಟ್ ತೆರೆದವನೇ ಹುಬ್ಬು ಗಂಟಿಕ್ಕಿದ. ಫೋಟೊ ಇದ್ದ ಪುಟದ ಮೇಲೆಲ್ಲ ಕೆಂಪು ಕಲೆ. ಅದು ನನ್ನದೇ ಕೆಲಸ. ಆಯುಧಪೂಜೆಯಲ್ಲಿ ಕಾರಿನ ಕೀ, ಲ್ಯಾಪ್‌ಟಾಪ್‌ಗಳ ಜೊತೆ ಪಾಸ್‌ಪೋರ್ಟುಗಳನ್ನೂ ಇಟ್ಟು ಪೂಜೆ ಮಾಡುವುದು ನಮ್ಮ ಮನೆಯ ಪದ್ಧತಿ. ಗ್ರೀನ್ ಕಾರ್ಡ್ ಬಂದ ವರ್ಷ ನೋಡಿ, ಹಿಗ್ಗಿನಲ್ಲಿ ಒಳಪುಟಕ್ಕೂ ಒದ್ದೆ ಕುಂಕುಮದ ಬೊಟ್ಟಿಟ್ಟಿದ್ದೆ. ಅದು ಹರಡಿ ನಂಬರನ್ನೇ ನುಂಗಿತ್ತು. ಆಮೇಲೆ ನಾನದನ್ನು ತೆರೆದೇ ನೋಡಿರಲಿಲ್ಲ, ದಡ್ಡಿ.

ಗ್ರೀನ್ ಕಾರ್ಡ್ ಕೊಟ್ಟೆ, ಲೈಸೆನ್ಸ್ ಕೊಟ್ಟೆ, ಆಸ್ಪತ್ರೆಯ ಪತ್ರ ತೋರಿಸಿದೆ. ಅತ್ತೂ ಆಯಿತು. "ಸಾರಿ ಮ್ಯಾಮ್" ಎಂದ. ನಾನು ಯಾರೆಂದು ಆ ಪುಟ ಹೇಳುತ್ತಿಲ್ಲವಂತೆ. ನಾನೇ ಎದುರಿಗೆ ನಿಂತು ಹೇಳುತ್ತಿದ್ದೇನಲ್ಲಪ್ಪ! ಒಳಗಿನ ಕೋಣೆಯಲ್ಲಿ ಎರಡು ಗಂಟೆ ಕೂರಿಸಿ ವಾಪಸ್ ಕಳಿಸಿದರು. ದಾರಿಯುದ್ದಕ್ಕೂ ಅವನಿಗೆ ಹಿಡಿಶಾಪ ಹಾಕಿದೆ, ನನಗೂ ಹಾಕಿಕೊಂಡೆ. ಭಾವನಿಗೆ ಫೋನ್ ಮಾಡಲಿಲ್ಲ. ಕುಂಕುಮ ಹಚ್ಚಿ ಕೆಡಿಸಿಕೊಂಡೆ ಎಂದು ಯಾವ ಬಾಯಲ್ಲಿ ಹೇಳಲಿ?

ಮರುದಿನ ಬೆಳಿಗ್ಗೆ ಅವರೇ ಮಾಡಿದರು. ಅಕ್ಕ ಹೋಗಿಬಿಟ್ಟಿದ್ದಳು.

"ನೀ ನಿನ್ನೆ ಬಂದು ಹೋಗಿದ್ದು ಭಾಳ ಛಲೋ ಆತವಾ," ಎಂದು ಭಾವ ಬಿಕ್ಕಿದರು. "ನಾ ಸ್ನಾನಕ್ಕಂತ ಮನೀಗೆ ಹೋಗಿದ್ದೆ, ನಂಗ ಸಿಗಲಿಲ್ಲ ನೀ. ತಂಗಿ ಕೈ ಹಿಡ್ಕೊಂಡು ಕುಂತಿದ್ಳು ಅಂತ ಸಂಜೀತನಕ ಅದನ್ನ ಹೇಳಿದ್ಳು."

ನಾನು ಬಂದೇ ಇರಲಿಲ್ಲ ಎಂದು ಅವರಿಗೆ ಹೇಳದೆಯೇ ಫೋನಿಟ್ಟು, ನಮ್ಮವರಿಗೆ ಹೇಳಿದೆ. ಔಷಧಿಯ ಮಂಪರಿನಲ್ಲಿ ಏನೋ ಕಂಡಿರಬೇಕು ಎಂದರು ನಮ್ಮವರು. ನಾನೂ ಹಾಗೇ ಅಂದುಕೊಂಡೆ.

ಎರಡು ತಿಂಗಳ ಮೇಲೆ ಹೊಸ ಪಾಸ್‌ಪೋರ್ಟ್ ಬಂತು. ಹೋಗಿ ಭಾವನಿಗೆ ಎಲ್ಲ ಹೇಳಿದೆ. ಅವರು ನಂಬಲಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಂದರ್ಶಕರ ಪುಸ್ತಕ ತೆಗೆಸಿದರು. ಆ ದಿನ, ಮಧ್ಯಾಹ್ನ ಎರಡೂಕಾಲು. ನನ್ನ ಹೆಸರು, ಮುಂದೆ ಕನ್ನಡದಲ್ಲಿ ನನ್ನದೇ ಸಹಿ. ಆ ಹೊತ್ತಿಗೆ ನಾನು ಗಡಿಯ ಆ ಕೋಣೆಯಲ್ಲಿ ಕೂತಿದ್ದೆ. ಗುರುತಿನ ಚೀಟಿ ನೋಡದೆ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದಳು ಕೌಂಟರಿನ ಹುಡುಗಿ.

ಹಾಗಾದರೆ ಬಂದವಳು ಏನು ತೋರಿಸಿದಳು? ರಕ್ತಮಾಂಸದ ನನ್ನನ್ನು ಅಂಗಲಾಚಿದರೂ ಬಿಡದವರು, ಅವಳನ್ನು ಯಾವ ದಾರಿಯಲ್ಲಿ ಬಿಟ್ಟರು? ಇವತ್ತಿಗೂ ನನಗೆ ಗೊತ್ತಿಲ್ಲ. ದೇವರ ಕೃಪೆ ಎನ್ನುತ್ತಾರೆ ಇಲ್ಲಿನ ಆಂಟಿಗಳು. ಕೃಪೆಯಂತೆ ಕೃಪೆ! ಅಕ್ಕ ನನ್ನನ್ನು ನೋಡಿಕೊಂಡು ಹೋದಳು, ಸರಿ. ನಾನು ಅವಳನ್ನು ನೋಡಲಿಲ್ಲವಲ್ಲ.