ಮದುವೆ ಕುಣಿತದ ವೇಗ

ಯಾರಾದರೂ ತೀರಿಕೊಂಡರೇ ಎಂದು ವಿಚಾರಿಸಲು ಫೋನ್ ಮಾಡುವವರು ಮೊದಲು ಮಳೆಯ ವಿಷಯ ಕೇಳುತ್ತಾರೆ. ಆಮೇಲೆ ತೋಟದಲ್ಲಿ ಚಹಾ ಎಲೆ ಹೇಗೆ ಬಂದಿದೆ ಎನ್ನುತ್ತಾರೆ. ಅದಾದ ಮೇಲೆ "ಮನೇಲಿ ಎಲ್ಲರೂ..." ಎಂದು ಮಾತನ್ನು ಅರ್ಧಕ್ಕೇ ಬಿಟ್ಟು, ಉಳಿದರ್ಧವನ್ನು ನಾವೇ ಹೇಳಲಿ ಎಂದು ಕಾಯುತ್ತಾರೆ. ಈಚೆಗೆ ಒಂದು ಬೆಳಿಗ್ಗೆ ಇಂಥ ಫೋನ್ ಗೂಡಲೂರಿನ ನೆಂಟರಿಂದ ಬಂತು. ಅದನ್ನು ಇಡುವಷ್ಟರಲ್ಲಿ ಊಟಿಯಿಂದ ಇನ್ನೊಂದು ಬಂತು. ಮಳೆ ಆಗಿದೆ, ಎಲೆ ಚೆನ್ನಾಗಿದೆ, ಎಲ್ಲರೂ ಜೀವದಿಂದಿದ್ದಾರೆ ಎಂದು ಇಬ್ಬರಿಗೂ ಹೇಳಿದೆ. ಕೇಳಿ ಅವರಿಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ತಿಳಿಯಲಿಲ್ಲ.

ಮೊಮ್ಮಕ್ಕಳೇ, ಆ ಫೋನುಗಳಿಗೆ ಕಾರಣನಾದವನು ನಿಮ್ಮಲ್ಲೇ ಒಬ್ಬ, ಮಹೇಶ. ಹೆಸರು ಹೇಳಿದ್ದಕ್ಕೆ ಅವನು ಬೇಸರಪಡುವವನಲ್ಲ. ತನ್ನ ಹೆಸರು ಎಲ್ಲ ಕಡೆ ಕಾಣಬೇಕೆಂಬುದೇ ಅವನ ಆಸೆ.

ನಾನು ಗುಂಡ್ಲುಪೇಟೆ ಕಡೆಯ ಹಳ್ಳಿಶಾಲೆಯ ಕನ್ನಡವನ್ನು ಕಟ್ಟಿಕೊಂಡು, ಮದುವೆಯಾಗಿ, ಘಾಟಿ ಹತ್ತಿ ಈ ಹಟ್ಟಿಗೆ ಬಂದ ಹೊಸತರಲ್ಲಿ ಸಿನಿಮಾದವರು ಊಟಿಗೆ ಬಂದಿದ್ದರು. ಅವರಿಗೆ ನಾಯಕ ನಾಯಕಿಯ ಮದುವೆ ಮಾಡಿಸಬೇಕಿತ್ತು, ಸುತ್ತ ಕುಣಿಯಲು ಜನ ಬೇಕಿತ್ತು. ನಮ್ಮ ಹಟ್ಟಿಯ ಗಂಡಸರು ಬಿಳಿ ಬಟ್ಟೆ ಉಟ್ಟು, ಬಿಳಿ ಪೇಟ ಸುತ್ತಿಕೊಂಡು ಹೋದರು. ಮುಂದಾಳು ನಿಮ್ಮ ದೊಡ್ಡ ತಾತ, ಅಂದರೆ ನನ್ನ ಯಜಮಾನರ ಅಣ್ಣ, ನನಗೆ ಭಾವ. ಅವರ ಹಿಂದೆ ನಾಲ್ಕನೆಯವರು ನಿಮ್ಮ ತಾತ. ಸಿನಿಮಾದಲ್ಲಿ ಇದೆಲ್ಲ ಅರ್ಧ ನಿಮಿಷ ಬರುತ್ತದೆ. ಕೊನೆಯಲ್ಲಿ ತೋರಿಸುವ ಹೆಸರುಗಳ ಸಾಲಿನಲ್ಲಿ ಅಡುಗೆಯವರ ಹೆಸರು ಕೂಡ ಇದೆ, ಕುಣಿದವರದಿಲ್ಲ. ಭಾವನವರು ಅದನ್ನು ಕೊರತೆಯೆಂದು ಎಂದೂ ಎಣಿಸಿದವರಲ್ಲ. ಇವತ್ತಿಗೂ ಸುತ್ತಲ ಹಟ್ಟಿಗಳಲ್ಲಿ ಮದುವೆಯಾದರೆ ಕುಣಿತದ ಮುಂದೆ ನಿಲ್ಲಲು ಅವರನ್ನೇ ಕರೆಯುತ್ತಾರೆ. ಅವರಿಗೆ ಅಷ್ಟು ಸಾಕು.

ಆ ಅರ್ಧ ನಿಮಿಷವನ್ನು ಕತ್ತರಿಸಿ ಮಹೇಶ ರೀಲ್ ಮಾಡಿ ಹಾಕಿದ. ಹಾಕಿದ ಸ್ವಲ್ಪ ಹೊತ್ತಿಗೇ ಅದು ಮಾಯವಾಯಿತು. ಹಾಡು ಯಾವುದೋ ಕಂಪನಿಯ ಸ್ವತ್ತು. ಅದನ್ನು ಕಾಯಲು ಒಂದು ಯಂತ್ರವಿದೆ. ಮೋಯಾರ್ ಕಡೆ ಆನೆ ಬರದಂತೆ ಹೊಲ ಕಾಯುವವರಿಗಿಂತಲೂ ಅದಕ್ಕೆ ನಿದ್ದೆ ಕಡಿಮೆ. ಆದರೆ ಹಾಡನ್ನು ನಿಧಾನ ಮಾಡಿದರೆ ಯಂತ್ರಕ್ಕೆ ಗುರುತು ಹತ್ತುವುದಿಲ್ಲವಂತೆ. ಮಹೇಶ ಹಾಡನ್ನೂ ಚಿತ್ರವನ್ನೂ ಅರ್ಧ ವೇಗಕ್ಕಿಳಿಸಿ, ಕೆಳಗೆ ನಮ್ಮ ಹಟ್ಟಿಯ ಹೆಸರನ್ನು ಬೇರೆ ಬರೆದು, ಮತ್ತೆ ಹಾಕಿದ. ಯಂತ್ರ ಮೋಸಹೋಯಿತು. ಗೂಡಲೂರಿನವರೂ ಮೋಸಹೋದರು.

ಏಕೆಂದರೆ ನಮ್ಮ ಹಟ್ಟಿಯಲ್ಲಿ ಕುಣಿತದ ಹೆಜ್ಜೆ ಒಂದೇ, ವೇಗ ಎರಡು. ಬೇಗ ಕುಣಿದರೆ ಅದು ಮದುವೆಯದು, ಹಬ್ಬದ್ದು. ಅದೇ ಹೆಜ್ಜೆಯನ್ನು ನಿಧಾನವಾಗಿ ಇಟ್ಟರೆ, ಹಿರಿಯರು ತೀರಿಕೊಂಡಾಗ ಶವದ ಸುತ್ತ ಕುಣಿಯುವುದು. ಹೊರಗಿನವರಿಗೆ ಎರಡೂ ಚಂದವೇ. ಚಿತ್ರ ಯಾವ ಕಾಲದ್ದೆಂದು ನೋಡದ ನಮ್ಮವರ ಕಣ್ಣಿಗೆ ಕಂಡದ್ದು ಮಾತ್ರ ಬೇರೆ: ಭಾವನವರು ಜನ ಕಟ್ಟಿಕೊಂಡು ಸಾವಿನ ಕುಣಿತ ಕುಣಿಯುತ್ತಿದ್ದಾರೆ, ನಡುವೆ ಹಾರ ಹಾಕಿಕೊಂಡ ಎರಡು ಹೆಣಗಳು ನಗುತ್ತಾ ನಿಂತಿವೆ.

ಮಧ್ಯಾಹ್ನ ಭಾವನವರೇ ಮನೆಗೆ ಬಂದರು. ನಾನು ಎಂದಿನಂತೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತೆ.

"ಮಹೇಶಾ, ಯಾರ್ನ ಸಾಯ್ಸ್‌ಬಿಟ್ಟೆ ಡಾ?"

"ತಾತಾ, ಸ್ಲೋ ಮಾಡ್ದಿದ್ರೆ ಕಾಪಿರೈಟ್ ಅಂತ ತೆಗೆದ್ಬಿಡ್ತಾರೆ. ಪಾಟು ಕಂಪನೀದು."

"ಪಾಟು ಕಂಪನೀದು, ಸರಿ. ಕಾಲು ಯಾರ್ದು ಡಾ?"

"ಎಷ್ಟು ಜನ ಲೈಕ್ ಮಾಡವ್ರೆ ನೋಡಿ ತಾತಾ!"

"ಮದ್ವೇಲಿ ನಿಂತು ಸಾವಿನ ಕುಣಿತ ಕುಣ್ದ ಮುದುಕ ಅಂತ ಮಾಡವ್ರೆ. ಇನ್ನು ನನ್ನ ಯಾವ ಮದ್ವೆಗೆ ಕರೀತಾರೆ, ಹೇಳು?"

ಮಹೇಶ, ಕೊಯಮತ್ತೂರಿನಲ್ಲಿ ಕಾನೂನು ಓದುತ್ತಿರುವ ನಮ್ಮ ಪವಿತ್ರಳಿಗೆ ಫೋನ್ ಹಚ್ಚಿ ಜೋರಾಗಿ ಕೇಳುವಂತೆ ಇಟ್ಟ. ಅವಳು ಹೇಳಿದ್ದು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಹಕ್ಕುಸ್ವಾಮ್ಯವೆಂಬುದು ಹೊಲದ ಹಾಗೆ, ಮಾರಬಹುದು, ಕೊಳ್ಳಬಹುದು. ಅದರ ಜೊತೆಗೇ ನೈತಿಕ ಹಕ್ಕು ಎಂದು ಇನ್ನೊಂದಿದೆ: ಮಾಡಿದವರ ಹೆಸರು ಹೇಳಬೇಕು, ಅವರ ಮರ್ಯಾದೆ ಹೋಗುವಂತೆ ಅವರು ಮಾಡಿದ್ದನ್ನು ಕೆಡಿಸಬಾರದು. ಸಿನಿಮಾದ ಗುಂಪಿನಲ್ಲಿ ಕುಣಿದು, ಹೆಸರುಗಳ ಸಾಲಿನಲ್ಲಿ ಇಲ್ಲದವರಿಗೆ ಕಾನೂನು ಉಳಿದದ್ದನ್ನೆಲ್ಲ ಕೊಡದೆ ಒಂದನ್ನು ಮಾತ್ರ ಬಿಟ್ಟಿದೆಯಂತೆ, ಕೆಡಿಸಬೇಡಿ ಎನ್ನುವ ಹಕ್ಕು. ಅಂದರೆ ಕಾಸಿಲ್ಲ, ಹೆಸರಿಲ್ಲ, ಕಾಲು ಮಾತ್ರ ಇದೆ. ದಿಲ್ಲಿಯಲ್ಲಿ ಕೂತು ಕಾನೂನು ಬರೆದವರಲ್ಲಿ ಒಬ್ಬರಾದರೂ ಗುಂಪಿನಲ್ಲಿ ಕುಣಿದವರಿರಬೇಕು ಎಂದುಕೊಂಡೆ.

"ಕೇಸ್ ಹಾಕಿ ತಾತಾ, ನಾನೇ ವಾದ ಮಾಡ್ತೀನಿ," ಎಂದಳು ಪವಿತ್ರ. "ಎದುರಾಳಿ ಮಹೇಶ ತಾನೆ, ಸುಲಭ."

ಭಾವನವರು ಅಷ್ಟು ಕಾಯಲಿಲ್ಲ, ಹಕ್ಕನ್ನು ಅಲ್ಲೇ ಚಲಾಯಿಸಿದರು. "ತೆಗಿ ಡಾ."

ಮಹೇಶ ಬಾಗಿಲ ಕಡೆ ನೋಡಿದ. "ಅಜ್ಜೀ, ನೀನಾದ್ರೂ ಹೇಳು. ನೀನೂ ನೋಡಿದೀಯಲ್ಲ."

ನೋಡಿದ್ದೆ. ಎಷ್ಟು ಸಲ ಎಂದು ಅವನಿಗೆ ಗೊತ್ತಿರಲಿಲ್ಲ. ನಿಮ್ಮ ತಾತ ಓಡಾಡುವುದು ಕಾಣುವ ಚಿತ್ರ ಲೋಕದಲ್ಲಿ ಅದೊಂದೇ. ಸಿನಿಮಾದಲ್ಲಿ ಅವರು ಮದುಮಗಳ ಭುಜದ ಹಿಂದಿನಿಂದ ಬಂದು, ಈ ಕಡೆ ಮುಖ ತಿರುಗಿಸಿ, 'ಅಗೋ' ಎನ್ನುವಷ್ಟರಲ್ಲಿ ಇರುವುದಿಲ್ಲ. ಮಹೇಶನ ರೀಲಿನಲ್ಲಿ ಹಾಗಲ್ಲ. ನಿಧಾನವಾಗಿ, ಎಲ್ಲಿಗೂ ಹೋಗುವ ಕೆಲಸವಿಲ್ಲದವರಂತೆ ಬಂದರು. ಪೇಟ ಜಾರುತ್ತಿತ್ತು. ಅವರು ನಗುತ್ತಿದ್ದರು. ನಗುತ್ತಿದ್ದರೆಂಬುದೇ ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ನೋಡುತ್ತಾ ನಿಂತು ಸಾರು ಸೀಯಿಸಿದೆ. ನೋಡಿದಾಗಲೆಲ್ಲ ಲೈಕ್ ಒತ್ತಿದೆ; ಎರಡನೆಯ ಸಲ ಒತ್ತಿದರೆ ಮೊದಲಿನದೂ ಹೋಗುತ್ತದೆಂದು ಆಮೇಲೆ ತಿಳಿಯಿತು.

ತೆಗೆದರೆ ಆ ನಗು ಹೋಗುತ್ತದೆ. ಬಿಟ್ಟರೆ, ಮದುವೆಯೆಂದು ನಕ್ಕವರು ಶವದ ಸುತ್ತ ನಕ್ಕವರಾಗಿ ಊರೂರಿನ ಫೋನಿನಲ್ಲಿ ಉಳಿಯುತ್ತಾರೆ. ಭಾವನವರಿಗಾದರೂ ಬಂದು ಜಗಳವಾಡಲು ಬಾಯಿತ್ತು. ತೀರಿಕೊಂಡವರ ಪರವಾಗಿ ಮನೆಯವರು ಹೇಳಬಹುದೇ ಎಂದು ಪವಿತ್ರಳನ್ನು ಕೇಳಬೇಕೆನಿಸಿತು. ಭಾವನವರ ಎದುರು ಅಷ್ಟುದ್ದದ ಮಾತು ನನ್ನಿಂದಾಗದು.

"ತೆಗಿಯಪ್ಪ," ಎಂದೆ.

ಭಾವನವರು ತಿರುಗಿ ನೋಡಿದರು. ಇಷ್ಟು ವರ್ಷದಲ್ಲಿ ಅವರ ಮುಂದೆ ನಾನು ಕೊಟ್ಟ ಮೊದಲ ತೀರ್ಪು ಅದು. ಮಹೇಶ ತೆಗೆದ.

ಸಂಜೆ ಅವನು ಅಡುಗೆಮನೆಗೆ ಬಂದು, ಸಿನಿಮಾದ ತುಣುಕನ್ನು ಇದ್ದ ಹಾಗೆಯೇ ನನ್ನ ಫೋನಿಗೆ ಹಾಕಿಕೊಟ್ಟ. "ಸ್ಲೋದೂ ಹಾಕ್ಲಾ ಅಜ್ಜಿ? ಮನೇಲಿ ನೀನೊಬ್ಳೇ ನೋಡ್ಕೊಂಡ್ರೆ ತಪ್ಪಿಲ್ಲ ಅಂದ್ಳು ಪವಿತ್ರ." ಸೀದ ಸಾರಿನ ಕಾರಣ ಅವರಿಬ್ಬರಿಗೂ ಗೊತ್ತಾಗಿತ್ತೆಂದು ಆಗ ತಿಳಿದು, ಮುಖ ಎತ್ತದೆ ಬೇಡವೆಂದೆ.

ಈಗ ಅದರ ವೇಗದಲ್ಲೇ ನೋಡುತ್ತೇನೆ. ಮದುಮಗಳ ಭುಜದ ಹಿಂದಿನಿಂದ ಬರುತ್ತಾರೆ, ಹೋಗಿಬಿಡುತ್ತಾರೆ. ಆದರೆ ಎಲ್ಲಿ ನಗುತ್ತಾರೆಂದು ಗೊತ್ತಾಗಿರುವುದರಿಂದ, ಸಿಗುತ್ತಾರೆ.