ದೇಶನೂರಿನ ವಿಮಾನದಿಂದ ಇಳಿದು ಬಂದವನು

ಯಾರಾದರೂ ತಮಗಾದ ವಿಚಿತ್ರ ಅನುಭವವನ್ನು ಹೇಳಲು ಕುಳಿತರೆ ನಾನು ಮುಖ ಗಂಭೀರವಾಗಿಟ್ಟುಕೊಂಡು ಒಳಗೊಳಗೇ ನಗುತ್ತಿದ್ದವನು. ಇವರು ನೋಡಿದ್ದನ್ನು ಮರೆತಿದ್ದಾರೆ, ಇಲ್ಲವೇ ನೋಡದ್ದನ್ನು ಸೇರಿಸಿಕೊಂಡಿದ್ದಾರೆ ಎಂದು ತೀರ್ಮಾನ ಮಾಡಿಬಿಡುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ಒಳಗೊಳಗೇ ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಕಟ್ಟುಹಲ್ಲು ಮಾಡುವುದು ನನ್ನ ಕಸುಬು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಹಲ್ಲಿನ ಸೆಟ್ಟು ಮಾಡಿ ಕಳಿಸುತ್ತೇನೆ. ಅಚ್ಚಿನಲ್ಲಿ ಇಲ್ಲದ್ದು ಹಲ್ಲಿನಲ್ಲಿ ಬರುವುದಿಲ್ಲ. ಹೀಗೆ ಇಪ್ಪತ್ತೈದು ವರ್ಷ ಕೆಲಸ ಮಾಡಿದವನಿಗೆ ಭೂತ ಪ್ರೇತಗಳ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಆದರೆ ಈ ಕಸುಬಿನ ಸಣ್ಣ ಡ್ರಿಲ್ಲು, ಮೇಣ ಕೊರೆಯುವ ಚೂರಿ, ಭೂತಗನ್ನಡಿ ಇವೆಲ್ಲ ನನಗೊಂದು ಹುಚ್ಚು ಹಿಡಿಸಿದವು. ಹಳೇ ಕಾಲದ ಯುದ್ಧವಿಮಾನಗಳ ಪುಟ್ಟ ಮಾದರಿಗಳನ್ನು ಮಾಡುವ ಹುಚ್ಚು. ಅಂಗಡಿಯ ಕಪಾಟಿನಲ್ಲಿ ಒಂದು ಸಾಲು ಹಲ್ಲು, ಒಂದು ಸಾಲು ವಿಮಾನ. ಬಂದವರು ಮೊದಲು ವಿಮಾನ ನೋಡುತ್ತಿದ್ದರು.

ಐದು ವರ್ಷದ ಹಿಂದೆ ಹಾಗೆ ನೋಡಿದವರಲ್ಲಿ ಒಬ್ಬ ಗಾದಿಲಿಂಗಪ್ಪ. ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ ಭತ್ತ ಬೆಳೆಯುವವನು, ನನ್ನ ವಯಸ್ಸಿನವನೇ. ಅಜ್ಜಿ ಹಂಪಮ್ಮನ ಹಲ್ಲಿನ ಸೆಟ್ಟು ಒಯ್ಯಲು ಬಂದಿದ್ದ. ಕಪಾಟಿನ ಮುಂದೆ ನಿಂತವನು, “ಇಂಥದೊಂದು ನಮ್ಮೂರಾಗ ಬಿದ್ದಿತ್ತು ನೋಡ್ರಿ, ಯುದ್ಧದ ಕಾಲದಾಗ. ನಮ್ಮ ಹೊಲದಾಗೇ,” ಎಂದ.

ನನಗೆ ಅಷ್ಟು ಸಾಕಾಯಿತು. ಕುರ್ಚಿ ಎಳೆದು ಕೂಡಿಸಿದೆ. ಮೋಡವಿಲ್ಲದ ಒಂದು ಮುಂಜಾನೆ ಒಂಟಿ ಎಂಜಿನ್ನಿನ ವಿಮಾನ ಬಂದು ಭತ್ತದ ಗದ್ದೆಗೆ ಮೂಗು ಊರಿ ಬಿದ್ದಿತ್ತಂತೆ. ಮರುದಿನ ಮಿಲಿಟರಿ ಲಾರಿ ಬಂದು ಏನನ್ನೋ ತಾಡಪಾಲಿನಲ್ಲಿ ಸುತ್ತಿ ಒಯ್ದಿತಂತೆ. ಹಾರಿಸುತ್ತಿದ್ದವನು ಅಲ್ಲೇ ಸತ್ತ ಎಂದು ಊರೆಲ್ಲ ಹೇಳುತ್ತದೆ. ಅವನ ಅಜ್ಜಿ ಒಬ್ಬಳು ಮಾತ್ರ ಬದುಕಿದ್ದ ಅನ್ನುತ್ತಾಳೆ. “ಆಕಿ ಮಾತು ಬಿಡ್ರಿ,” ಎಂದು ಗಾದಿಲಿಂಗಪ್ಪ ನಕ್ಕ. “ಆಗ ಸಣ್ಣ ಹುಡುಗಿ. ಕನಸು ಕಂಡಾಳೋ ಏನೋ. ಎಂಬತ್ತು ವರ್ಷದಿಂದ ಅದೊಂದೇ ಪುರಾಣ.” ಅಜ್ಜಿ ಏನು ಹೇಳುತ್ತಾಳೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಈಗ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು.

ವಾರದೊಳಗೆ ದೇಶನೂರು ಶಾಲೆಯ ಹೆಡ್‌ಮೇಷ್ಟ್ರ ಫೋನು ಬಂತು. ಆ ವಿಮಾನ ಬಿದ್ದ ದೃಶ್ಯವನ್ನು ಮಾದರಿಯಾಗಿ ಮಾಡಿಕೊಟ್ಟರೆ ಶಾಲೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ, ಮಕ್ಕಳು ಊರಿನ ಚರಿತ್ರೆ ನೋಡಲಿ ಎಂದರು. ನಾನು ಕೂತಲ್ಲೇ ಒಪ್ಪಿಕೊಂಡೆ.

ಮೂರು ತಿಂಗಳು ನಮ್ಮ ಮನೆ ಮನೆಯಾಗಿರಲಿಲ್ಲ. ನಿಜವಾದ ವಿಮಾನದ ನಲವತ್ತೆಂಟರಲ್ಲಿ ಒಂದು ಪಾಲಿನ ಅಳತೆ. ಅಂದರೆ ರೆಕ್ಕೆಯಿಂದ ರೆಕ್ಕೆಗೆ ಒಂದು ಗೇಣು, ಮನುಷ್ಯ ನಿಂತರೆ ಕಿರುಬೆರಳಿನ ಎರಡು ಗೆಣ್ಣು. ಮೇಣದಬತ್ತಿಯ ಶಾಖಕ್ಕೆ ಹಿಡಿದು ಒಂದು ರೆಕ್ಕೆಯನ್ನು ಮುದುರಿಸಿದೆ, ಪ್ರೊಪೆಲ್ಲರಿನ ಎಲೆಗಳನ್ನು ಹಿಂದಕ್ಕೆ ಬಾಗಿಸಿದೆ. ಗಾದಿಲಿಂಗಪ್ಪ ತನ್ನ ಹೊಲದ ಕರೀ ಮಣ್ಣನ್ನು ಚೀಲದಲ್ಲಿ ತಂದುಕೊಟ್ಟ. ಭತ್ತದ ಪೈರಿಗಾಗಿ ನನ್ನ ಹೆಂಡತಿ ಗಿರಿಜಾಳ ಎರಡು ಹೊಸ ಪೊರಕೆಗಳು ಬಲಿಯಾದವು. “ಮನಿ ಕಸ ಇನ್ನು ವಿಮಾನದಾಗ ತುಂಬಿಸಿ ಕಳಿಸ್ರಿ,” ಎಂದಳು ಅವಳು. ಗದ್ದೆಯ ಪಕ್ಕದಲ್ಲಿ ಊರಿನ ಹಳೇ ಕಾಲುವೆ. ಅದಕ್ಕೆ ನೀರಿನ ಹಾಗೆ ಕಾಣುವ ರೆಸಿನ್ ಎರೆದೆ. ಎರೆಯುವಾಗ ಎಣ್ಣೆಯ ಹಾಗಿರುತ್ತದೆ, ಒಂದು ದಿನ ಕಳೆದರೆ ಗಾಜಿನ ಹಾಗೆ ಗಟ್ಟಿ. ದಡ ಬರಿದಾಗಿ ಕಂಡಿತೆಂದು ಅಂಗಳದಿಂದ ಒಂದು ಚಪ್ಪಟೆ ಹರಳು ಆರಿಸಿ, ಬಟ್ಟೆ ಒಗೆಯುವ ಕಲ್ಲಾಗಿ ಅಂಟಿಸಿದೆ.

ಹೆಡ್‌ಮೇಷ್ಟ್ರು ಹೇಳಿದಂತೆ ಪೈಲಟ್ಟನ್ನು ಕುಳಿತ ಭಂಗಿಯಲ್ಲೇ, ತಲೆ ಎದೆಗೆ ಬಾಗಿಸಿ, ವಿಮಾನದೊಳಗೆ ಅಂಟಿಸಿದ್ದೆ. ಕಂದು ಅಂಗಿ, ಕರೀ ಬೂಟು. ಆ ಬೂಟೂ ಕಾಲೂ ಬೇರೆ ಬೇರೆಯಲ್ಲ, ಒಂದೇ ಪ್ಲಾಸ್ಟಿಕ್ಕಿನ ಎರಕ. ಇದನ್ನು ದಯವಿಟ್ಟು ನೆನಪಿಡಿ. ಅಂಟಿಸಿದ ದಿನ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು. ಒಮ್ಮೆ ಗಾಜಿನೊಳಗೆ ಹೋದರೆ ಇವನು ಸತ್ತವನೇ ಆಗಿ ಉಳಿಯುತ್ತಾನೆ, ಊರಿನ ಮಕ್ಕಳಿಗೆಲ್ಲ ಅದೇ ಚರಿತ್ರೆ. ಅಷ್ಟೆ. ಮೇಲೆ ಗಾಜಿನ ಪೆಟ್ಟಿಗೆ ಕೂಡಿಸಿ ನಾಲ್ಕು ಮೂಲೆಗೂ ಸ್ಕ್ರೂ ಬಿಗಿದೆ. ಕಾಲುವೆಗೆ ರೆಸಿನ್ ಎರೆದು ಆಗಲೇ ಇಪ್ಪತ್ತು ದಿನವಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಗಾದಿಲಿಂಗಪ್ಪ ಕಾರು ತಂದ. ಹೊರಡುವ ಮೊದಲು ಪೆಟ್ಟಿಗೆಯ ಫೋಟೋ ತೆಗೆದೆ. ಬೆಡ್‌ಶೀಟು ಹೊದಿಸಿ ಹಿಂದಿನ ಸೀಟಿನಲ್ಲಿ ನಾನೂ ಗಿರಿಜಾಳೂ ತೊಡೆಯ ಮೇಲೆ ಇಟ್ಟುಕೊಂಡು ಕೂತೆವು. ಕುರುಗೋಡಿನಲ್ಲಿ ಅವಳ ತಂಗಿಯ ಮನೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನಿಸದೆ ಮುಂದಕ್ಕೆ ಬಿಡಲಿಲ್ಲ. ಪೆಟ್ಟಿಗೆಯನ್ನು ಅವರ ನಡುಮನೆಯ ಮಂಚದ ಮೇಲೆ ಇಟ್ಟೆ. ಬೆಡ್‌ಶೀಟು ಸರಿಸಿ ನೋಡಿದ ನಾದಿನಿ ಒಳಗಿದ್ದ ಪೈಲಟ್ಟನ್ನು ಕಂಡು, “ಅಯ್ಯ ಪಾಪ, ಸತ್ತಾನೇನು?” ಎಂದು ಕೇಳಿದಳು. ಹೌದೆಂದೆ. ಮತ್ತೆ ಹೊದಿಸಿದೆ. ಅಲ್ಲಿಂದ ಸಿರುಗುಪ್ಪ, ಸಿರುಗುಪ್ಪದಿಂದ ದೇಶನೂರು. ದಾರಿಯಲ್ಲಿ ಪೆಟ್ಟಿಗೆ ನಮ್ಮ ತೊಡೆ ಬಿಟ್ಟು ಇಳಿಯಲಿಲ್ಲ.

ಶಾಲೆಗೆ ಒಯ್ಯುವ ಮೊದಲು ಅಜ್ಜಿಗೆ ತೋರಿಸೋಣ ಎಂದ ಗಾದಿಲಿಂಗಪ್ಪ. ಮಧ್ಯಾಹ್ನ ಮೂರು ಗಂಟೆಯಿರಬೇಕು, ಕಣ್ಣು ಕುಕ್ಕುವ ಬಿಸಿಲು. ಹಂಪಮ್ಮ ಕಟ್ಟೆಯ ಮೇಲೆ ಕೂತಿದ್ದಳು. ತೆಳ್ಳಗಿನ ಜೀವ, ಗಟ್ಟಿ ದನಿ. ಹೆಡ್‌ಮೇಷ್ಟ್ರೂ ಬಂದಿದ್ದರು. ಪೆಟ್ಟಿಗೆಯನ್ನು ಅವಳ ಮುಂದೆ ಇಟ್ಟೆ. ಬೆಡ್‌ಶೀಟಿಗೆ ಕೈ ಹಾಕಿದಾಗ ಆಕೆ ತಡೆದಳು.

“ತಡಿಯಪ್ಪಾ. ಅವನ್ನ ಎಲ್ಲಿ ಇಟ್ಟೀಯ?”

“ವಿಮಾನದಾಗೇ ಅದಾನಮ್ಮ.”

“ಸತ್ತಂಗ ಇಟ್ಟೀಯೇನು?”

ನಾನು ಹೆಡ್‌ಮೇಷ್ಟ್ರ ಮುಖ ನೋಡಿದೆ. ಅವರು ಆಕಾಶ ನೋಡಿದರು.

“ಹಂಗಾದ್ರ ನಾನು ನೋಡೋದಿಲ್ಲ, ತಗಂಡು ಹೋಗು,” ಎಂದಳು ಹಂಪಮ್ಮ. “ಎಲ್ಲಾರೂ ಕೂಡಿ ಅವನ್ನ ಸಾಯಿಸಿಬಿಟ್ರಿ. ನೋಡಿದಾಕಿ ನಾನು. ಗುಬ್ಬಿ ಹೊಡ್ಯಾಕ ಕವಣಿ ಹಿಡಕಂಡು ಹೊಲದಾಗ ಇದ್ದೆ, ಒಬ್ಬಾಕೀನ. ವಿಮಾನ ಬಿತ್ತು. ಹೊಗಿ ಒಳಗಿಂದ ಆತ ಹೊರಗ ಬಂದ. ಕುಂಟಿಕೋತ ಬದುವಿನ ಮ್ಯಾಲೆ ಬಂದು ಕಾಲುವಿ ಕಲ್ಲಿನ ಮ್ಯಾಲೆ ಕುಂತ. ಬಲಗಾಲಾಗ ಬೂಟ ಇಲ್ಲ. ಆ ಕಾಲು ನೀರಾಗ ಇಳಿಬಿಟ್ಟು ನಗಾಕ ಹತ್ತಿದ, ಹುಚ್ಚನಂಗ. ಬೂಟ ಎಲ್ಲಿ ಅಂತ ಕೈ ಮಾಡಿ ಕೇಳಿದೆ. ಅದರಾಗ ಸಿಕ್ಕಂಡೈತಿ ಅಂತ ವಿಮಾನ ತೋರಿಸಿದ. ನನ್ನ ಬುತ್ತಿ ರೊಟ್ಟಿ ಕೊಟ್ಟೆ, ತಿಂದ. ಆಮ್ಯಾಲ ಎದ್ದು ಹೊಳಿ ಕಡೆ ನಡದುಬಿಟ್ಟ. ಊರಾಗ ಬಂದು ಹೇಳಿದ್ರ ನಮ್ಮಪ್ಪನೂ ನಂಬಲಿಲ್ಲ.”

“ಅಮ್ಮಾ, ಹೋದ ಸಲ ಎಡಗಾಲು ಅಂದಿದ್ರಿ,” ಎಂದರು ಹೆಡ್‌ಮೇಷ್ಟ್ರು ಮೆಲ್ಲಗೆ.

“ನನ್ನ ಎದುರಿಗೆ ಕುಂತಿದ್ದ. ನನ್ನ ಎಡಕ್ಕ ಇತ್ತು ಅಂದಿದ್ದೆ. ಕಾಲು ಆತಂದು, ಬಲದ್ದ!”

ಎಲ್ಲರೂ ನಕ್ಕರು. ನಾನು ಮಾತ್ರ ನಗಲಾರದೆ ಹೋದೆ. ಎಂಬತ್ತು ವರ್ಷ ಒಂದೇ ಮಾತನ್ನು ಹೇಳಿ ನಗೆ ಕೇಳಿಸಿಕೊಂಡವಳ ಮುಂದೆ, ಅವಳ ಮಾತು ಸುಳ್ಳೆಂದು ಗಾಜು ಹಾಕಿ ಸ್ಕ್ರೂ ಬಿಗಿದು ತಂದಿಟ್ಟಿದ್ದೆ. ವಾಪಸ್ಸು ಒಯ್ದು ಬದಲಾಯಿಸಿಕೊಂಡು ಬರುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗಾದಿಲಿಂಗಪ್ಪ, “ನೋಡು ಬೇ, ಎಷ್ಟು ಚೆಂದ ಮಾಡ್ಯಾರ,” ಎಂದು ಬೆಡ್‌ಶೀಟು ಎಳೆದೇಬಿಟ್ಟ.

ವಿಮಾನದಲ್ಲಿ ಯಾರೂ ಇರಲಿಲ್ಲ.

ದಾರಿಯ ಕುಲುಕಿಗೆ ಅಂಟು ಬಿಟ್ಟಿದೆ ಎಂದುಕೊಂಡೆ. ಪೈರಿನಲ್ಲಿ ಎಲ್ಲಾದರೂ ಬಿದ್ದಿರಬೇಕೆಂದು ಹುಡುಕಿದೆ. ಅಷ್ಟರಲ್ಲಿ ಗಿರಿಜಾ ನನ್ನ ರಟ್ಟೆಯನ್ನು ಹಿಡಿದಳು, ಬಳೆ ಒತ್ತುವಷ್ಟು ಬಿಗಿಯಾಗಿ. ಅವಳು ಕಾಲುವೆಯನ್ನು ನೋಡುತ್ತಿದ್ದಳು.

ಅವನು ಕಲ್ಲಿನ ಮೇಲೆ ಕೂತಿದ್ದ. ಅದೇ ಕಂದು ಅಂಗಿ, ಅದೇ ಬಾಗಿದ ತಲೆ. ವಿಮಾನದೊಳಗೆ ಸತ್ತವನಂತೆ ಕಂಡ ಆ ಬಾಗು, ಇಲ್ಲಿ ನೀರು ನೋಡುವವನ ಬಾಗಾಗಿತ್ತು. ಬಲಗಾಲು ಕಾಲುವೆಯಲ್ಲಿ ಪಾದದ ಗಂಟಿನ ತನಕ ಮುಳುಗಿತ್ತು. ಇಪ್ಪತ್ತು ದಿನದ ಹಿಂದೆ ಗಟ್ಟಿಯಾದ ರೆಸಿನ್ನಿನ ಒಳಗೆ! ಜೇಬಿನಲ್ಲಿದ್ದ ಭೂತಗನ್ನಡಿ ತೆಗೆದು ನೋಡಿದೆ. ಬೂಟಿಲ್ಲ. ಬರಿಗಾಲು. ಐದು ಬೆರಳು ಎಣಿಸಬಹುದಿತ್ತು. ಅಷ್ಟು ಸಣ್ಣ ಬೆರಳುಗಳನ್ನು ಕೊರೆಯುವ ಶಕ್ತಿ ನನ್ನ ಕೈಗಿಲ್ಲ. ಕಾಲಿನ ಸುತ್ತ ಒಂದು ಬಿರುಕಿಲ್ಲ, ಒಂದು ಗುಳ್ಳೆಯಿಲ್ಲ.

ಗಾದಿಲಿಂಗಪ್ಪ ಮೊಬೈಲಿನ ಬೆಳಕು ಹಿಡಿದು ವಿಮಾನದೊಳಗೆ ಇಣುಕಿದ. “ರೀ, ಇಲ್ಲಿ ಬೂಟು ಐತಿ ನೋಡ್ರಿ. ಕೆಳಗ ಸಿಕ್ಕಂಡೈತಿ. ಎಷ್ಟು ಬರಾಬರ್ ಮಾಡೀರಿ!” ಎಂದ. ಅಕ್ಕಿಕಾಳಿನಷ್ಟು ಉದ್ದದ ಕರೀ ಬೂಟು, ಪೆಡಲುಗಳ ನಡುವೆ.

ಭಯವಾಯಿತೇ ಎಂದು ನೀವು ಕೇಳಬಹುದು. ಇಲ್ಲ. ಹಂಪಮ್ಮನ ಮುಖ ನೋಡಿದಮೇಲೆ ಭಯಪಡಲು ಸಾಧ್ಯವಿರಲಿಲ್ಲ. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಆಮೇಲೆ ಎರಡೂ ಕೈ ತಟ್ಟಿ, “ಇವನೇ! ಇವನೇ ಆತ!” ಎಂದು ಕೂಗಿದಳು. “ನೋಡಿದ್ರೇನ್ಲೇ? ಯಾರು ಕನಸು ಕಂಡಾಕಿ? ಬರ್ರಿಲೇ, ನೋಡ್ರಿ!” ಓಣಿಯ ಜನವೆಲ್ಲ ಬಂತು. ಆ ಸಂಜೆ ಅವರ ಮನೆಯಲ್ಲಿ ಎಲ್ಲರಿಗೂ ಹೋಳಿಗೆ ಊಟ.

ನನ್ನ ಕಷ್ಟ ಆಗ ಶುರುವಾಯಿತು. ಯಾರಿಗೂ ಇದು ವಿಚಿತ್ರ ಅನ್ನಿಸಲೇ ಇಲ್ಲ! ಅಜ್ಜಿಯನ್ನು ಖುಷಿಪಡಿಸಲು ನಾನೇ ಹೀಗೆ ಮಾಡಿ, ಸತ್ತಿದ್ದಾನೆ ಎಂದು ಆಟ ಆಡಿಸಿದೆ ಎಂದುಕೊಂಡರು. ಅವಳ ಕಥೆ ನಿಮಗೆ ಮೊದಲೇ ಯಾರು ಹೇಳಿದರು ಎಂದು ಹೆಡ್‌ಮೇಷ್ಟ್ರು ನಗುತ್ತಾ ಕೇಳಿದರು. ಯಾರೂ ಹೇಳಿಲ್ಲ ಎಂದೆ. “ಇರಲಿ ಬಿಡ್ರಿ, ಒಳ್ಳೇ ಕೆಲಸ ಮಾಡೀರಿ,” ಎಂದು ಬೆನ್ನು ತಟ್ಟಿದರು. ನಾಲ್ಕು ಸ್ಕ್ರೂಗಳು ನಾನು ಬಿಗಿದ ಹಾಗೇ ಇದ್ದವು. ಫೋನಿನ ಫೋಟೋದಲ್ಲಿ ಅವನು ವಿಮಾನದೊಳಗೇ ಇದ್ದ, ಇವತ್ತಿಗೂ ಇದ್ದಾನೆ. ಕುರುಗೋಡಿಗೆ ಫೋನು ಮಾಡಿದರೆ ನಾದಿನಿ, “ಒಳಗ ಸತ್ತು ಕುಂತಿದ್ದನಲ್ಲ ಭಾವ,” ಎಂದಳು. ಗಿರಿಜಾಳಿಗೂ ನನ್ನ ಮೇಲೇ ಅನುಮಾನ. ಕುರುಗೋಡಿನಲ್ಲಿ ಕೈ ತೊಳೆಯಲು ಹೋದಾಗ ಏನೋ ಕೈಚಳಕ ಮಾಡಿದ್ದೀರಿ ಎನ್ನುತ್ತಾಳೆ. ಐದು ನಿಮಿಷದಲ್ಲಿ, ಕೈಯಲ್ಲಿ ಮಿರ್ಚಿ ಹಿಡಿದುಕೊಂಡು?

ಮನೆಗೆ ಬಂದಮೇಲೆ ಗಟ್ಟಿಯಾದ ರೆಸಿನ್ನಿನ ತುಂಡಿಗೆ ತೂತು ಕೊರೆದು, ಬೇರೊಂದು ಗೊಂಬೆಯ ಕಾಲು ಇಳಿಸಿ, ಮೇಲೆ ಹೊಸ ರೆಸಿನ್ ಎರೆದು ನೋಡಿದೆ. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಜೋಡಿಸಿದ ಗೆರೆ ಕಂಡಿತು. ಹಲ್ಲಿನ ಕೆಲಸದವನಿಗೆ ಜೋಡಿಸಿದ ಗೆರೆ ಗೊತ್ತಾಗದೆ ಇರುತ್ತದೆಯೇ? ನಾನೇ ಮಾಡಿ ಮರೆತಿರಬಹುದೇ ಎಂದೂ ಯೋಚಿಸಿದ್ದೇನೆ. ಮರೆಯಬಹುದು. ಆದರೆ ಕೇಳದ ಕಥೆಯನ್ನು ಮಾಡುವುದು ಹೇಗೆ?

ಪೆಟ್ಟಿಗೆ ಈಗಲೂ ದೇಶನೂರಿನ ಶಾಲೆಯಲ್ಲಿದೆ. ಅವನು ಕಲ್ಲು ಬಿಟ್ಟು ಎದ್ದಿಲ್ಲ. ಹೋದ ತಿಂಗಳು ಆ ಕಡೆ ಹೋದಾಗ ಹಂಪಮ್ಮ ಗಾಜಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ವಾರಕ್ಕೊಮ್ಮೆ ಬಂದು ಮಕ್ಕಳಿಗೆ ಕಥೆ ಹೇಳುತ್ತಾಳಂತೆ. ಮಕ್ಕಳು ಹೋದಮೇಲೆ ನನ್ನನ್ನು ಹತ್ತಿರ ಕರೆದಳು.

“ಒಂದು ಮಾತು ಕೇಳ್ತೀನಿ, ಹೇಳ್ತೀಯೇನಪ್ಪಾ?” ಎಂದಳು. “ಹೊಳಿ ಕಡೆ ಹೋದ್ನಲ್ಲ, ಮನಿಗೆ ಮುಟ್ಟಿದ್ನಾ ಆತ?”

ನನಗೆ ಗೊತ್ತಿಲ್ಲಮ್ಮ ಎಂದೆ.

“ಇಷ್ಟೆಲ್ಲಾ ಗೊತ್ತಿದ್ದಾತಗ ಅದು ಗೊತ್ತಿಲ್ಲಂದ್ರ ಹೆಂಗ?” ಎಂದು ಹಂಪಮ್ಮ ನನ್ನ ಮುಖವನ್ನೇ ನೋಡುತ್ತಾ ಕೂತಳು, ನಾನು ಏನೋ ಮುಚ್ಚಿಡುತ್ತಿದ್ದೇನೆ ಎನ್ನುವ ಹಾಗೆ.